ದಾವಣಿ ಬಿಚ್ಚಿದ ಮೇಲೆ

(ದಾವಣಗೆರೆಯ ಒಂದು ಚರ್ಚಿನ ಸಭಾಂಗಣದಲ್ಲಿ, ಈಸ್ಟರ್ ಹಬ್ಬಕ್ಕೆ ಮುಂಚೆ ಉಪವಾಸ ಪ್ರಾರ್ಥನೆಯಲ್ಲಿ ಕಳೆಯುವ ಶ್ರಮೆಯ ಕಾಲದ ಒಂದು ಭಾನುವಾರ ಸಂಜೆ ಆಡಿದ ಮಾತುಗಳ ಬರಹ ರೂಪ ಇದು. ಕೇಳಲು ಬಂದವರಲ್ಲಿ ಚರ್ಚಿನವರೂ ಇದ್ದರು, ಅಕ್ಕಪಕ್ಕದ ಬೀದಿಯವರೂ ಇದ್ದರು. ಸತ್ಯವೇದದ, ಅಂದರೆ ಬೈಬಲ್ಲಿನ, ವಾಕ್ಯಗಳನ್ನು ಹೆಚ್ಚಿನ ಕಡೆ ನನ್ನ ಮಾತಿನಲ್ಲೇ ಹೇಳಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನಮ್ಮ ಊರಿನ ಹೆಸರಿನಿಂದಲೇ ಶುರು ಮಾಡುತ್ತೇನೆ. ದಾವಣಗೆರೆ ಅನ್ನುವ ಹೆಸರು ಹೇಗೆ ಬಂತು ಅಂತ ಕೇಳಿದರೆ ಹಿರಿಯರು ಒಂದು ಕಥೆ ಹೇಳುತ್ತಾರೆ. ಚಾಲುಕ್ಯರ ಕಾಲದಲ್ಲಿ ಇಲ್ಲೊಂದು ಕೆರೆ ಇತ್ತಂತೆ. ರಾಜನ ಕುದುರೆಗಳು ದಣಿದು ಬಂದು ಇಲ್ಲಿ ನೀರು ಕುಡಿಯುತ್ತಿದ್ದವಂತೆ. ಅವನ್ನು ಕಟ್ಟುವ ಹಗ್ಗಕ್ಕೆ ದಾವಣಿ ಅನ್ನುತ್ತಾರೆ. ದಾವಣಿಯ ಕೆರೆ ದಾವಣಗೆರೆ ಆಯಿತು ಅನ್ನುವುದು ಕಥೆ. ಒಂದೇ ಹೆಸರಿನಲ್ಲಿ ದಣಿವಾರಿಸುವ ನೀರೂ ಇದೆ, ಕಟ್ಟಿ ಹಾಕುವ ಹಗ್ಗವೂ ಇದೆ.

"ಕ್ರೈಸ್ತ ನಂಬಿಕೆಯಲ್ಲಿ ಆತ್ಮದ ಬಿಡುಗಡೆ ಅಂದರೇನು, ಸ್ವಲ್ಪ ಬಿಡಿಸಿ ಹೇಳಿ" ಅಂತ ಈ ಚರ್ಚಿನ ಪಾದ್ರಿ ಅಯ್ಯನವರು ಕೇಳಿದಾಗ ನನಗೆ ಮೊದಲು ನೆನಪಾದದ್ದು ಈ ಹಗ್ಗ. ಎತ್ತು ಕಟ್ಟಿದವರಿಗೆ ಗೊತ್ತು. ದಾವಣಿಯಲ್ಲಿ ಬಹಳ ದಿನ ನಿಂತ ಎತ್ತು, ಹಗ್ಗ ಬಿಚ್ಚಿದರೂ ಒಂದಷ್ಟು ಹೊತ್ತು ಅಲ್ಲೇ ನಿಂತಿರುತ್ತದೆ.

ನಮ್ಮಪ್ಪ ಹಾಗೇ ನಿಂತದ್ದನ್ನು ನಾನು ನೋಡಿದ್ದೇನೆ. ಅಪ್ಪ ಇದೇ ಊರಿನ ಒಂದು ಹತ್ತಿ ಮಿಲ್ಲಿನಲ್ಲಿ ನೂಲಿನ ವಿಭಾಗದಲ್ಲಿದ್ದರು. ಬೆಳಗ್ಗೆ ಐದೂವರೆಗೆ ಮಿಲ್ಲಿನ ಸೈರನ್ ಕೂಗುತ್ತಿತ್ತು. ಇಡೀ ಕೇರಿ ಅದರ ಜೊತೆಗೇ ಏಳುತ್ತಿತ್ತು. ಆಮೇಲೆ ಮಿಲ್ ಮುಚ್ಚಿತು. ಸೈರನ್ ನಿಂತಿತು. ಆದರೆ ಅಪ್ಪ ಐದೂವರೆಗೆ ಏಳುವುದು ನಿಲ್ಲಲಿಲ್ಲ. ಎದ್ದು, ಮುಖ ತೊಳೆದು, ಅಂಗಿ ಹಾಕಿಕೊಂಡು ಕಟ್ಟೆ ಮೇಲೆ ಕೂರುತ್ತಿದ್ದರು. "ಯಾರು ಕರೆದ್ರು ಅಂತ ಎದ್ರಿ? ಸುಮ್ನೆ ಮಲಗ್ರಿ" ಅಂತ ಅಮ್ಮ ಬೈಯುತ್ತಿದ್ದಳು. ಅಪ್ಪ ಉತ್ತರ ಕೊಡುತ್ತಿರಲಿಲ್ಲ. ಎರಡು ವರ್ಷ ಹೀಗೇ ನಡೆಯಿತು. ಕೂಗದ ಸೈರನ್ನಿಗೆ ಏಳುತ್ತಿದ್ದ ಅಪ್ಪ, ಇವತ್ತಿನ ನನ್ನ ಮಾತು ಮುಗಿಯುವವರೆಗೂ ನಿಮ್ಮ ನೆನಪಿನಲ್ಲಿರಲಿ.

ಈಗ, ಯೇಸುವಿನ ಸುವಾರ್ತೆಯನ್ನು ಊರೂರಿಗೆ ಸಾರಿದ ಪೌಲನ ಪತ್ರಕ್ಕೆ ಬರೋಣ. ಗಲಾತ್ಯ ಅನ್ನುವುದು ಇವತ್ತಿನ ಟರ್ಕಿಯ ನಡುಭಾಗದ ಒಂದು ಪ್ರಾಂತ. ಅಲ್ಲಿನ ಸಭೆಗಳಿಗೆ ಪೌಲ ಸುಮಾರು ಕ್ರಿ.ಶ. 50ರ ಆಸುಪಾಸಿನಲ್ಲಿ ಒಂದು ಪತ್ರ ಬರೆದ. ಇರುವುದು ಆರೇ ಅಧ್ಯಾಯ. ಬೇರೆ ಪತ್ರಗಳಲ್ಲಿ ಪೌಲ ಸಾಮಾನ್ಯವಾಗಿ ನಮಸ್ಕಾರ ಆದ ಮೇಲೆ "ನಿಮಗಾಗಿ ದೇವರಿಗೆ ಸ್ತೋತ್ರ" ಅಂತ ಶುರು ಮಾಡುತ್ತಾನೆ. ಇದರಲ್ಲಿ ಅದಿಲ್ಲ. ಬಂದವನೇ "ಇಷ್ಟು ಬೇಗ ತಿರುಗಿಬಿಟ್ಟಿರಲ್ಲ, ನನಗೆ ಆಶ್ಚರ್ಯ" ಅನ್ನುತ್ತಾನೆ. ಮನೆಯವರ ಮೇಲೆ ಸಿಟ್ಟು ಬಂದಾಗ ನಾವು ಚಪ್ಪಲಿ ಬಿಡುತ್ತಲೇ ಮಾತು ಶುರು ಮಾಡುತ್ತೇವಲ್ಲ, ಆ ರೀತಿ.

ಆಗಿದ್ದೇನು? ಗಲಾತ್ಯದವರು ಹೆಚ್ಚಿನವರು ಯೆಹೂದ್ಯರಲ್ಲ. ಪೌಲ ಬಂದು ಸುವಾರ್ತೆ ಹೇಳಿದ, ನಂಬಿದರು. ಅವನು ಆ ಕಡೆ ಹೋದ ಮೇಲೆ ಬೇರೆ ಕೆಲವರು ಬಂದರು. "ಕ್ರಿಸ್ತನನ್ನು ನಂಬಿದ್ದು ಒಳ್ಳೇದು, ಆದರೆ ಅಷ್ಟೇ ಸಾಲದು. ಯೆಹೂದ್ಯರ ಧರ್ಮಶಾಸ್ತ್ರ ಹೇಳುವಂತೆ ಸುನ್ನತಿ ಮಾಡಿಸಿಕೊಳ್ಳಿ, ದಿನ ತಿಂಗಳುಗಳನ್ನು ಆಚರಿಸಿ. ಆಗ ಪೂರ್ತಿ ದೇವರ ಮಕ್ಕಳಾಗುತ್ತೀರಿ" ಅಂದರು. ಜನ ಒಪ್ಪತೊಡಗಿದರು. ಅದಕ್ಕೇ ಪೌಲನ ಸಿಟ್ಟು. ಐದನೇ ಅಧ್ಯಾಯದ ಮೊದಲ ಮಾತು ಇದು: ನಾವು ಸ್ವತಂತ್ರರಾಗಿರಬೇಕು ಅಂತಲೇ ಕ್ರಿಸ್ತನು ನಮ್ಮನ್ನು ಬಿಡಿಸಿದನು, ಗಟ್ಟಿಯಾಗಿ ನಿಲ್ಲಿ, ಮತ್ತೆ ದಾಸತ್ವದ ನೊಗಕ್ಕೆ ಕತ್ತು ಕೊಡಬೇಡಿ.

ಈ ಮಾತನ್ನು ಆ ಕಾಲದವರು ಹೇಗೆ ಕೇಳಿಸಿಕೊಂಡಿರಬಹುದು ಅನ್ನುವುದಕ್ಕೆ ಒಂದು ಶಾಸನದ ವಿಷಯ ಹೇಳುತ್ತೇನೆ. ಹರಿಹರದ ಹರಿಹರೇಶ್ವರ ದೇವಸ್ಥಾನದಲ್ಲಿ ಕಲ್ಲಿನ ಶಾಸನಗಳನ್ನು ನೀವು ನೋಡಿರುತ್ತೀರಿ. ಗ್ರೀಸ್ ದೇಶದ ಡೆಲ್ಫಿಯಲ್ಲೂ ಹಾಗೇ ಒಂದು ದೇವಸ್ಥಾನ ಇತ್ತು, ಅಪೊಲೊ ದೇವರದ್ದು. ಅಲ್ಲಿ ಗುಲಾಮರ ಬಿಡುಗಡೆಯನ್ನು ದಾಖಲಿಸಿದ ಶಾಸನಗಳೇ ಸಾವಿರಕ್ಕೂ ಹೆಚ್ಚು ಸಿಕ್ಕಿವೆ. ಗುಲಾಮ ತನ್ನ ಬೆಲೆಯಷ್ಟು ಹಣ ಹೇಗೋ ಒಟ್ಟು ಮಾಡುತ್ತಿದ್ದ. ಆ ಹಣಕ್ಕೆ ಯಜಮಾನ ಅವನನ್ನು ದೇವರಿಗೆ ಮಾರಿದ ಅಂತ ಬರೆಸುತ್ತಿದ್ದರು. ದೇವರು ಕೊಂಡುಕೊಂಡ ಮೇಲೆ ಬೇರೆ ಯಾರೂ ಅವನ ಮೇಲೆ ಹಕ್ಕು ಹೇಳುವಂತಿಲ್ಲ.

ಆದರೆ ಆ ಶಾಸನಗಳಲ್ಲಿ ಎಷ್ಟೋ ಕಡೆ ಇನ್ನೊಂದು ಸಾಲು ಇದೆ. "ಇವನು ಬಿಡುಗಡೆಯಾಗಿದ್ದಾನೆ, ಆದರೆ ಯಜಮಾನ ಸಾಯುವವರೆಗೂ ಅವನ ಮನೆಯಲ್ಲೇ ಇದ್ದು ಹೇಳಿದ ಕೆಲಸ ಮಾಡಬೇಕು." ಓದಿದಾಗ ನನಗೆ ಹೊಟ್ಟೆ ಹಿಂಡಿದ ಹಾಗಾಯಿತು. ಬೆಲೆ ಕೊಟ್ಟಾಯಿತು, ಕಲ್ಲಿನಲ್ಲಿ ಕೆತ್ತಿಯೂ ಆಯಿತು, ಆದರೆ ನಾಳೆ ಬೆಳಗ್ಗೆ ಮತ್ತೆ ಅದೇ ಮನೆಯ ಕಸ ಗುಡಿಸಬೇಕು. ಇದು ದೂರದ ಕಥೆಯೂ ಅಲ್ಲ. ನಮ್ಮ ದೇಶದಲ್ಲಿ ಜೀತ ಪದ್ಧತಿಯನ್ನು ರದ್ದು ಮಾಡಿದ ಕಾನೂನು ಬಂದದ್ದು 1976ರಲ್ಲಿ. ಕಾನೂನು ಬಂತು ಅಂತ ಜೀತದಾಳಿನ ಬೆನ್ನು ಒಂದೇ ದಿನಕ್ಕೆ ನೆಟ್ಟಗಾಗಲಿಲ್ಲ. ಧಣಿ ಎದುರಿಗೆ ಬಂದರೆ ಹೆಗಲ ಮೇಲಿನ ಟವೆಲ್ ತಾನಾಗೇ ಕಂಕುಳಿಗೆ ಇಳಿಯುವುದನ್ನು ನಮ್ಮ ಕಡೆಯ ಹಳ್ಳಿಗಳಲ್ಲಿ ಎಷ್ಟೋ ವರ್ಷ ನೋಡಿದ್ದೇವೆ.

ಪೌಲ ಹೇಳುವುದು ಈ ಅರ್ಧ ಬಿಡುಗಡೆಯಲ್ಲ. ಯೇಸು ತನ್ನ ಬಗ್ಗೆ ಹೇಳಿಕೊಂಡ ಮಾತನ್ನು ಮಾರ್ಕನು ಬರೆದಿದ್ದಾನೆ, ಅನೇಕರನ್ನು ಬಿಡಿಸುವುದಕ್ಕಾಗಿ ತನ್ನ ಪ್ರಾಣವನ್ನು ಈಡು ಕೊಡಲು ಬಂದವನು ತಾನು ಅಂತ. "ಈಡು" ಎಷ್ಟು ಒಳ್ಳೆಯ ಕನ್ನಡ ಮಾತು ನೋಡಿ. ಅಡವಿಟ್ಟ ಒಡವೆ ಬಿಡಿಸಿಕೊಂಡು ಬಂದವರಿಗೆ ಅದರ ತೂಕ ಗೊತ್ತು. ಇಲ್ಲಿ ಗುಲಾಮ ಹಣ ಒಟ್ಟು ಮಾಡಲಿಲ್ಲ. ಬೆಲೆ ಕೊಟ್ಟವನು ಬಿಡಿಸಿದವನೇ. ಮತ್ತೆ, ಬಿಡಿಸಿ "ಇನ್ನು ಹೋಗು" ಅನ್ನಲಿಲ್ಲ. ಮನೆಗೆ ಕರೆದುಕೊಂಡು ಬಂದು ಮಗ, ಮಗಳು ಅಂದ. ಗಲಾತ್ಯದ ಪತ್ರದ ನಾಲ್ಕನೇ ಅಧ್ಯಾಯ ಪೂರ್ತಿ ಇದೇ ವಿಷಯ: ಇನ್ನು ನೀನು ದಾಸನಲ್ಲ, ಮಗನು.

ನಾನು ಮೂವತ್ತು ವರ್ಷಕ್ಕಿಂತ ಜಾಸ್ತಿ ಮೇಷ್ಟ್ರ ಕೆಲಸ ಮಾಡಿದವಳು. ಆದ್ದರಿಂದ ಪೌಲ ಧರ್ಮಶಾಸ್ತ್ರಕ್ಕೆ ಕೊಡುವ ಹೋಲಿಕೆ ನನಗೆ ಬಹಳ ಇಷ್ಟ. ಆ ಕಾಲದ ಶ್ರೀಮಂತರ ಮನೆಗಳಲ್ಲಿ ಹುಡುಗನನ್ನು ಶಾಲೆಗೆ ಕರೆದುಕೊಂಡು ಹೋಗಿ ಬರಲು ಒಬ್ಬ ಆಳು ಇರುತ್ತಿದ್ದ. ಪಾಠ ಹೇಳುವವನಲ್ಲ, ದಾರಿಯಲ್ಲಿ ಕಾಯುವವನು. ಧರ್ಮಶಾಸ್ತ್ರ ಅಂಥ ಆಳು ಅನ್ನುತ್ತಾನೆ ಪೌಲ. ಆಳು ಕೆಟ್ಟವನಲ್ಲ. ಆದರೆ ಹುಡುಗ ಬೆಳೆದ ಮೇಲೂ ಆಳಿನ ಕೈ ಹಿಡಿದೇ ಓಡಾಡುತ್ತೇನೆ ಅಂದರೆ ಹೆತ್ತವರಿಗೆ ಹೇಗನ್ನಿಸಬೇಡ?

ಈಗ ನನ್ನದೇ ಒಂದು ವಿಷಯ. ಹುಟ್ಟಿದಾಗಿನಿಂದ ಚರ್ಚಿಗೆ ಹೋದವಳು ನಾನು. ಮಗ ನಾಲ್ಕು ವರ್ಷದವನಿದ್ದಾಗ, ಇಂಥದ್ದೇ ಶ್ರಮೆಯ ಕಾಲದಲ್ಲಿ, ಶುಕ್ರವಾರದ ಉಪವಾಸ ಹಿಡಿದಿದ್ದೆ. ಒಂದು ಶುಕ್ರವಾರ ಶಾಲೆಯಲ್ಲಿ ತಲೆ ಸುತ್ತಿ ಬಂತು. ಜೊತೆಯ ಟೀಚರ್ ಒಬ್ಬರು ಬಲವಂತ ಮಾಡಿ ಎರಡು ಇಡ್ಲಿ ತಿನ್ನಿಸಿದರು. ಅವತ್ತು ರಾತ್ರಿ ಮಗುವಿಗೆ ಜ್ವರ ಏರಿತು. ಕೈ ಇಟ್ಟರೆ ಸುಡುತ್ತಿತ್ತು. ಒದ್ದೆ ಬಟ್ಟೆ ಹಾಕುತ್ತಾ ನನ್ನ ತಲೆಯಲ್ಲಿ ಓಡುತ್ತಿದ್ದದ್ದು ಒಂದೇ ಮಾತು: ಆ ಎರಡು ಇಡ್ಲಿಗೆ ದೇವರು ಲೆಕ್ಕ ತೀರಿಸುತ್ತಿದ್ದಾನೆ.

ನಾಲ್ಕು ದಿನಕ್ಕೆ ಜ್ವರ ಇಳಿಯಿತು. ನನ್ನ ಹೆದರಿಕೆ ಇಳಿಯಲು ವರ್ಷಗಳೇ ಬೇಕಾದವು. ನಾನು ಆರಾಧಿಸುತ್ತಿದ್ದದ್ದು ಯಾರನ್ನು ಅಂತ ಆಮೇಲೆ ಯೋಚಿಸಿದೆ. ಎರಡು ಇಡ್ಲಿಗೆ ಮಗುವಿನ ಮೇಲೆ ಸೇಡು ತೀರಿಸಿಕೊಳ್ಳುವವನನ್ನೇ? ಅಂಥವನನ್ನು ಅಪ್ಪ ಅಂತ ಕರೆಯುವುದು ಹೇಗೆ? ರೋಮಾಪುರದವರಿಗೆ ಬರೆದ ಪತ್ರದಲ್ಲಿ ಪೌಲ ಹೇಳುತ್ತಾನೆ, ನೀವು ಪಡೆದದ್ದು ಮತ್ತೆ ಭಯಕ್ಕೆ ತಳ್ಳುವ ದಾಸಭಾವವಲ್ಲ, ಅಪ್ಪಾ ಅಂತ ಕೂಗುವ ಮಗನ ಭಾವ ಅಂತ. "ಅಬ್ಬಾ" ಅನ್ನುವ ಅರಾಮಿಕ್ ಮಾತನ್ನು ಅವನು ಹಾಗೇ ಇಟ್ಟಿದ್ದಾನೆ. ಯೇಸುವಿನ ಬಾಯಲ್ಲಿ ಇದ್ದ ಮಾತು ಅದು. ನಾನು ಆ ವಾಕ್ಯವನ್ನು ಬಾಯಿಪಾಠ ಮಾಡಿದ್ದೆ, ಮಕ್ಕಳಿಗೆ ಸಂಡೇ ಸ್ಕೂಲಿನಲ್ಲಿ ಕಲಿಸಿಯೂ ಇದ್ದೆ. ಆದರೂ ಐದೂವರೆಗೆ ಎದ್ದು ಕೂರುತ್ತಿದ್ದೆ.

ಉಪವಾಸ ತಪ್ಪು ಅಂತ ನಾನು ಹೇಳುತ್ತಿಲ್ಲ. ಈ ವರ್ಷವೂ ಶುಕ್ರವಾರ ಊಟ ಬಿಡುತ್ತೇನೆ. ಆದರೆ ಕೂಲಿಗೆ ಮಾಡುವುದು ಬೇರೆ, ಪ್ರೀತಿಗೆ ಮಾಡುವುದು ಬೇರೆ. ಕೆಲಸ ಒಂದೇ ಇರಬಹುದು.

ಯೇಸು ಹೇಳಿದ, ತಪ್ಪಿಹೋದ ಮಗನ ಸಾಮ್ಯಕಥೆ ನಿಮಗೆಲ್ಲ ಗೊತ್ತು, ಲೂಕನ ಸುವಾರ್ತೆಯ ಹದಿನೈದನೇ ಅಧ್ಯಾಯ. ಕಿರಿಯ ಮಗ ಆಸ್ತಿ ಹಾಳು ಮಾಡಿ ಹಂದಿ ಮೇಯಿಸಿ ವಾಪಸ್ ಬರುತ್ತಾನೆ. ದಾರಿಯಲ್ಲಿ ಅಪ್ಪನಿಗೆ ಹೇಳಬೇಕಾದ ಮಾತನ್ನು ಸಿದ್ಧ ಮಾಡಿಕೊಂಡಿದ್ದಾನೆ: "ನಿನ್ನ ಮಗ ಅನ್ನಿಸಿಕೊಳ್ಳಲು ನಾನು ಯೋಗ್ಯನಲ್ಲ, ಕೂಲಿಯಾಳುಗಳಲ್ಲಿ ಒಬ್ಬನ ಹಾಗೆ ಇಟ್ಟುಕೋ." ಮನೆ ಹತ್ತಿರ ಬಂದಾಗ ಮೊದಲ ಅರ್ಧ ಹೇಳುತ್ತಾನೆ. ಕೂಲಿಯ ಮಾತು ಅವನ ಬಾಯಿಂದ ಬರುವುದೇ ಇಲ್ಲ. ಅಷ್ಟರಲ್ಲಿ ಅಪ್ಪ ಅಂಗಿ ತನ್ನಿ, ಉಂಗುರ ತನ್ನಿ, ಕಾಲಿಗೆ ಜೋಡು ತನ್ನಿ ಅಂತ ಕೂಗುತ್ತಿದ್ದಾನೆ. ಮನೆಗೆ ಬಾ, ಆದರೆ ಕೂಲಿಯವನಾಗಿ ಮಾತ್ರ ಬೇಡ ಅಂದ ಹಾಗೆ.

ಹಿರಿಯ ಮಗನ ವಿಷಯಕ್ಕೆ ಬಂದರೆ ನನಗೆ ಸಂಕಟ ಜಾಸ್ತಿ. ಅವನು ಎಲ್ಲೂ ಹೋದವನಲ್ಲ. ಹೊಲದಿಂದ ಬಂದವನು ಬಾಗಿಲ ಹೊರಗೇ ನಿಂತು ಹೇಳುತ್ತಾನೆ: "ಇಷ್ಟು ವರ್ಷ ದಾಸನ ಹಾಗೆ ನಿನಗೆ ದುಡಿದೆ, ಒಂದು ಆಡಿನ ಮರಿಯನ್ನೂ ಕೊಡಲಿಲ್ಲ." ಗ್ರೀಕಿನಲ್ಲೂ ಅದು ಗುಲಾಮರ ದುಡಿತಕ್ಕೆ ಬಳಸುವ ಮಾತೇ. ಸ್ವಂತ ಮನೆ, ಸ್ವಂತ ಅಪ್ಪ, ಸ್ವಂತ ಹೊಲ. ಆದರೂ ಅವನು ಅಷ್ಟು ವರ್ಷ ಜೀತಕ್ಕಿದ್ದವನ ಹಾಗೆ ಬದುಕಿದ್ದಾನೆ. "ಮಗನೇ, ನನ್ನದೆಲ್ಲ ನಿನ್ನದೇ" ಅನ್ನುತ್ತಾನೆ ಅಪ್ಪ. ಅವನು ಒಳಗೆ ಹೋದನೋ ಇಲ್ಲವೋ ಯೇಸು ಹೇಳಲಿಲ್ಲ. ಚರ್ಚಿನ ಮುಂದಿನ ಬೆಂಚಿನಲ್ಲಿ ಕೂರುವ ನಮ್ಮಂಥವರು ಈ ಅಣ್ಣನ ಪಕ್ಕದಲ್ಲಿ ನಿಂತು ನೋಡಬೇಕು.

ಬ್ರಾಹ್ಮಣ ಮನೆತನದ ಸಂಸ್ಕೃತ ವಿದ್ವಾಂಸೆ, ಸಮಾಜ ಸುಧಾರಕಿ ಪಂಡಿತಾ ರಮಾಬಾಯಿ ಅವರನ್ನೂ ಇಲ್ಲಿ ನೆನೆಯಬೇಕು. 1858ರಲ್ಲಿ ನಮ್ಮದೇ ಪಶ್ಚಿಮ ಘಟ್ಟದ ಕಾಡಿನ ಸೀಮೆಯಲ್ಲಿ ಹುಟ್ಟಿದವರು. 1883ರಲ್ಲಿ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನ ಪಡೆದರು. ಅಲ್ಲಿನ ಚರ್ಚಿನವರು ಹೀಗೆ ನಂಬು, ಹಾಗೆ ನಡೆ ಅಂದಾಗ, ಒಂದು ಪುರೋಹಿತರ ನೊಗ ಬಿಡಿಸಿಕೊಂಡು ಬಂದದ್ದು ಇನ್ನೊಂದು ನೊಗಕ್ಕೆ ಕತ್ತು ಕೊಡಲು ಅಲ್ಲ ಅನ್ನುವ ಅರ್ಥದಲ್ಲಿ ಪತ್ರ ಬರೆದರು. ಆದರೆ ನನ್ನನ್ನು ಹೆಚ್ಚು ತಟ್ಟಿದ್ದು ಅವರು ಆಮೇಲೆ ಒಪ್ಪಿಕೊಂಡ ಮಾತು. ಸ್ನಾನವಾಗಿ ವರ್ಷಗಳು ಕಳೆದ ಮೇಲೆ ಅವರಿಗೆ ಅನ್ನಿಸಿತಂತೆ, ನನಗೆ ಕ್ರೈಸ್ತ ಧರ್ಮ ಸಿಕ್ಕಿತ್ತು, ಕ್ರಿಸ್ತ ಸಿಕ್ಕಿರಲಿಲ್ಲ ಅಂತ. ಅಷ್ಟು ಓದಿದವರು, ಅಷ್ಟು ಧೈರ್ಯದವರು ಇದನ್ನು ಬರೆದಿಟ್ಟಿದ್ದಾರೆ. ಪುಣೆಯ ಹತ್ತಿರ ಕೇಡಗಾಂವ್‌ನಲ್ಲಿ ಅವರು ಕಟ್ಟಿದ ಆಶ್ರಯದ ಹೆಸರು "ಮುಕ್ತಿ". 1896-97ರ ಬರಗಾಲದಲ್ಲಿ ಊರು ಬಿಟ್ಟ ನೂರಾರು ಹೆಣ್ಣುಮಕ್ಕಳಿಗೆ ಅನ್ನ ಸಿಕ್ಕಿದ್ದು ಅಲ್ಲಿ. ಮುಕ್ತಿ ಅನ್ನುವ ಮಾತಿಗೆ ಅವರು ಒಲೆ ಹಚ್ಚಿ, ಓದು ಬರಹ ಕಲಿಸಿ ಅರ್ಥ ಕೊಟ್ಟರು.

ಇಲ್ಲಿಗೆ ನಾನು ಇವತ್ತು ಮುಖ್ಯವಾಗಿ ಹೇಳಬೇಕು ಅಂತ ಬಂದ ಜಾಗಕ್ಕೆ ಬಂದೆ. ಆತ್ಮದ ಬಿಡುಗಡೆ ಅಂದರೆ ಒಳಗಿನ ವಿಷಯ, ಕಣ್ಣು ಮುಚ್ಚಿಕೊಂಡು ಅನುಭವಿಸುವುದು ಅಂತ ಎಷ್ಟೋ ಜನ ಅಂದುಕೊಂಡಿದ್ದಾರೆ. ಪೌಲ ಹಾಗೆ ಅಂದುಕೊಂಡಿರಲಿಲ್ಲ. ಅವನು ಅದನ್ನು ಊಟದ ಪಂಕ್ತಿಯಲ್ಲಿ ಪರೀಕ್ಷೆ ಮಾಡಿದ.

ಅಂತಿಯೋಕ್ಯ ಅನ್ನುವ ಊರು. ಇವತ್ತಿನ ಟರ್ಕಿಯ ಅಂತಾಕ್ಯ, 2023ರ ಭೂಕಂಪದಲ್ಲಿ ನೆಲಸಮವಾದ ಊರುಗಳಲ್ಲಿ ಒಂದು. ಯೇಸುವಿನ ಶಿಷ್ಯರಿಗೆ "ಕ್ರೈಸ್ತರು" ಅನ್ನುವ ಹೆಸರು ಮೊದಲು ಬಿದ್ದದ್ದು ಅಲ್ಲೇ. ಅಲ್ಲಿ ಯೆಹೂದ್ಯರೂ ಯೆಹೂದ್ಯರಲ್ಲದವರೂ ಒಟ್ಟಿಗೆ ಊಟಕ್ಕೆ ಕೂರುತ್ತಿದ್ದರು. ಅದು ಸಣ್ಣ ವಿಷಯವಲ್ಲ. ಯಾರು ಯಾರ ಜೊತೆ ಉಣ್ಣಬಹುದು ಅನ್ನುವುದರ ಮೇಲೆ ನಿಂತ ಸಮಾಜ ಹೇಗಿರುತ್ತದೆ ಅಂತ ನಮಗೆ ಯಾರೂ ಹೇಳಿಕೊಡಬೇಕಿಲ್ಲ, ಅಲ್ವಾ? ಪೇತ್ರನೂ ಬಂದ, ಅವರ ಜೊತೆ ಕೂತು ಉಂಡ. ಅಷ್ಟರಲ್ಲಿ ಯೆರೂಸಲೇಮಿನಿಂದ ಕೆಲವರು ಬಂದರು. ಪೇತ್ರ ಮೆಲ್ಲಗೆ ಹಿಂದೆ ಸರಿದ. ಬೇರೆ ಕಡೆ ಕೂರತೊಡಗಿದ. ಅವನನ್ನು ನೋಡಿ ಉಳಿದವರೂ ಸರಿದರು. ಪೌಲನ ಜೊತೆಗಾರ ಬಾರ್ನಬನೂ ಸರಿದ.

ಪೌಲ ಎಲ್ಲರ ಮುಂದೆ ಪೇತ್ರನನ್ನು ತರಾಟೆಗೆ ತೆಗೆದುಕೊಂಡ. ಯೇಸುವಿನ ಜೊತೆ ನಡೆದಾಡಿದ ಹಿರಿಯ ಶಿಷ್ಯನನ್ನು, ಆಮೇಲೆ ಬಂದವನೊಬ್ಬ. ಪೇತ್ರ ಯಾಕೆ ಸರಿದ ಅನ್ನುವುದಕ್ಕೆ ಪೌಲ ಕೊಡುವ ಕಾರಣ ಒಂದೇ: ಹೆದರಿದ. ಅವನ ನಂಬಿಕೆ ಬದಲಾಗಿರಲಿಲ್ಲ. ಬೋಧನೆಯೂ ಬದಲಾಗಿರಲಿಲ್ಲ. ಬದಲಾದದ್ದು ಕೂರುವ ಜಾಗ. ಸುವಾರ್ತೆಯ ಸತ್ಯಕ್ಕೆ ತಕ್ಕಂತೆ ಇವರು ನಡೆಯುತ್ತಿಲ್ಲ ಅಂತ ಪೌಲ ಹೇಳಿದ್ದು ಅಷ್ಟಕ್ಕೇ.

ನಮ್ಮ ಚರ್ಚುಗಳ ಒಳಗೆ ಜಾತಿ ಬಂದು ಕೂತಿದೆ. ಇದನ್ನು ಮುಚ್ಚಿಡುವುದರಿಂದ ಯಾರಿಗೂ ಒಳ್ಳೆಯದಾಗುವುದಿಲ್ಲ. ಚರ್ಚಿನ ಪ್ರಭುಭೋಜನದಲ್ಲಿ ಒಂದೇ ರೊಟ್ಟಿ ಮುರಿದು ತಿನ್ನುತ್ತೇವೆ, ಒಂದೇ ಪಾತ್ರೆಯಿಂದ ಕುಡಿಯುತ್ತೇವೆ. ಹೊರಗೆ ಬಂದು ಮಗಳ ಸಂಬಂಧ ನೋಡುವಾಗ "ಅವರು ಮೊದಲು ಏನಾಗಿದ್ರು?" ಅಂತ ಮೆಲ್ಲಗೆ ವಿಚಾರಿಸುತ್ತೇವೆ. ನಮ್ಮಜ್ಜಿ ಚಿಕ್ಕವಳಿದ್ದಾಗ ಒಂದು ಹಳ್ಳಿಯ ಸಭೆಯಲ್ಲಿ ಹಿಂದಿನ ಸಾಲಿನವರಿಗೆ ಕೊನೆಯಲ್ಲಿ ಆ ಪ್ರಭುಭೋಜನ ಕೊಡುತ್ತಿದ್ದರಂತೆ. ಯಾಕೆ ಅಂತ ಕೇಳಿದ್ದಕ್ಕೆ ಅವಳಿಗೆ ಏಟು ಬಿತ್ತಂತೆ. ಅಜ್ಜಿ ಇದನ್ನು ಹೇಳುವಾಗ ಎಪ್ಪತ್ತು ದಾಟಿತ್ತು. ಆಗಲೂ ದನಿ ಇಳಿಸಿಯೇ ಹೇಳಿದಳು. ನಾವು ಯಾರಿಗೆ ಹೆದರಿ ಈ ಪಂಕ್ತಿಗಳನ್ನು ಉಳಿಸಿಕೊಂಡಿದ್ದೇವೆ? ನೆಂಟರು ಏನಂದಾರು ಅಂತಲೇ? ಪೇತ್ರನ ಹೆದರಿಕೆ ಇದಕ್ಕಿಂತ ಬೇರೆಯಲ್ಲ.

ಇದನ್ನೆಲ್ಲ ಕೇಳಿ "ಹಾಗಾದರೆ ಕಟ್ಟೇ ಇಲ್ಲವಾ, ಮನಸ್ಸಿಗೆ ಬಂದದ್ದು ಮಾಡಬಹುದಾ?" ಅನ್ನಿಸಬಹುದು. ಅದಕ್ಕೂ ಪೌಲ ಅಲ್ಲೇ ಉತ್ತರ ಕೊಟ್ಟಿದ್ದಾನೆ. ಈ ಬಿಡುಗಡೆಯನ್ನು ನಿಮ್ಮ ಚಪಲಕ್ಕೆ ದಾರಿ ಮಾಡಿಕೊಳ್ಳಬೇಡಿ, ಪ್ರೀತಿಯಿಂದ ಒಬ್ಬರಿಗೊಬ್ಬರು ಸೇವೆ ಮಾಡಿ. ಕುಡಿತಕ್ಕೆ ಬಿದ್ದವನನ್ನು ಕೇಳಿ ನೋಡಿ, ಅವನು ತನಗೆ ಬೇಕಾದದ್ದನ್ನೇ ಮಾಡುತ್ತಿದ್ದಾನೆ. ಅವನಷ್ಟು ಕಟ್ಟಿಗೆ ಬಿದ್ದವನು ಇನ್ನೊಬ್ಬನಿಲ್ಲ. ನಮ್ಮ ಕನ್ನಡದಲ್ಲಿ ದಾಸ ಅನ್ನುವುದು ಅವಮಾನದ ಮಾತಷ್ಟೇ ಅಲ್ಲ. ಹರಿದಾಸರು ಆ ಹೆಸರನ್ನು ಹೆಮ್ಮೆಯಿಂದ ಹೊತ್ತರು. ಪೌಲನೂ ತನ್ನನ್ನು ಕ್ರಿಸ್ತನ ದಾಸ ಅಂತ ಕರೆದುಕೊಂಡ. ಒತ್ತಾಯಕ್ಕೆ ದಾಸನಾಗುವುದಕ್ಕೂ, ಪ್ರೀತಿಯಿಂದ ತಾನೇ ಹೋಗಿ ಆಗುವುದಕ್ಕೂ ಇರುವ ಅಂತರ ನಮ್ಮ ಜನಕ್ಕೆ ಚೆನ್ನಾಗಿ ಗೊತ್ತು.

ಯೇಸುವೂ ನೊಗವೇ ಇಲ್ಲ ಅನ್ನಲಿಲ್ಲ. ದಣಿದವರೇ ಬನ್ನಿ, ನನ್ನ ನೊಗ ಹೊತ್ತುಕೊಳ್ಳಿ, ಅದು ಮೃದು, ನನ್ನ ಹೊರೆ ಹೌರ ಅಂದ. ಹಳೆಯ ಸತ್ಯವೇದದಲ್ಲಿ ಹಗುರ ಅನ್ನುವುದಕ್ಕೆ "ಹೌರ" ಅಂತಲೇ ಇದೆ. ನನಗೆ ಆ ಮಾತೇ ಹಗುರ ಅನ್ನಿಸುತ್ತದೆ. ಹೊಸ ಹೋರಿಗೆ ಉಳುಮೆ ಕಲಿಸುವಾಗ ಜೊತೆಗೆ ಪಳಗಿದ ಎತ್ತನ್ನು ಕಟ್ಟುತ್ತಾರೆ. ಭಾರ ಎಳೆಯುವುದು ಹೆಚ್ಚಾಗಿ ಆ ಎತ್ತೇ.

ಮಾತು ಮುಗಿದ ಮೇಲೆ ಪ್ರಶ್ನೆಗಳಿಗೆ ಸಮಯ ಇತ್ತು. ಕಾಲೇಜು ಓದುವ ಹುಡುಗಿಯೊಬ್ಬಳು ಎದ್ದು ನೇರವಾಗಿ ಕೇಳಿದಳು: "ಮೇಡಂ, ಇಷ್ಟೆಲ್ಲ ಬಿಡುಗಡೆ ಅಂತೀರಿ. ಪೌಲ ಗುಲಾಮಗಿರಿಯನ್ನೇ ಬೇಡ ಅಂತ ಯಾಕೆ ಬರೆಯಲಿಲ್ಲ?"

ಒಳ್ಳೆಯ ಪ್ರಶ್ನೆ, ನನ್ನನ್ನೂ ಕಾಡಿದ ಪ್ರಶ್ನೆ. ಬರೆಯಲಿಲ್ಲ ಅನ್ನುವುದು ನಿಜ. ಅದನ್ನೇ ಹಿಡಿದು ಗುಲಾಮರನ್ನು ಇಟ್ಟುಕೊಂಡವರು ಶತಮಾನಗಳ ಕಾಲ ಪೌಲನ ಮಾತುಗಳನ್ನು ತಮ್ಮ ಅನುಕೂಲಕ್ಕೆ ಬಳಸಿದರು. ಆ ಪಾಪವನ್ನು ನಾವು ಒಪ್ಪಿಕೊಳ್ಳಬೇಕು. ಆದರೆ ಅವನ ಇನ್ನೊಂದು ಪತ್ರವನ್ನು ಅವಳ ಕೈಗೆ ಕೊಟ್ಟು ಓದಲು ಹೇಳಿದೆ. ಫಿಲೆಮೋನನಿಗೆ ಬರೆದದ್ದು. ಇರುವುದು 25 ವಾಕ್ಯ. ಒನೇಸಿಮ ಅನ್ನುವ ಗುಲಾಮ ಯಜಮಾನ ಫಿಲೆಮೋನನಿಂದ ದೂರವಾಗಿ, ಸೆರೆಯಲ್ಲಿದ್ದ ಪೌಲನ ಬಳಿಗೆ ಬಂದಿದ್ದಾನೆ. ಪೌಲ ಅವನನ್ನು ವಾಪಸ್ ಕಳಿಸುತ್ತಿದ್ದಾನೆ, ಈ ಪತ್ರದ ಜೊತೆ.

ಹುಡುಗಿ ನಿಂತಲ್ಲೇ ಓದಿದಳು. ಇನ್ನು ಅವನನ್ನು ದಾಸನಂತಲ್ಲ, ಪ್ರಿಯ ಸಹೋದರನಂತೆ ಸೇರಿಸಿಕೋ. ನನ್ನನ್ನೇ ಸೇರಿಸಿಕೊಂಡ ಹಾಗೆ ಸೇರಿಸಿಕೋ. ಅವನಿಂದ ನಿನಗೆ ನಷ್ಟ ಆಗಿದ್ದರೆ, ಸಾಲ ಇದ್ದರೆ, ನನ್ನ ಲೆಕ್ಕಕ್ಕೆ ಹಾಕು. ಪೌಲನಾದ ನಾನೇ ನನ್ನ ಕೈಯಾರೆ ಬರೆದಿದ್ದೇನೆ, ನಾನೇ ತೀರಿಸುತ್ತೇನೆ.

"ಇನ್ನೂ ಇದೆ, ಓದಮ್ಮ" ಅಂದೆ. 22ನೇ ವಾಕ್ಯಕ್ಕೆ ಬಂದಾಗ ಅವಳ ಮುಖದಲ್ಲಿ ಸಣ್ಣ ನಗು ಕಂಡಿತು. ಅಲ್ಲಿ ಪೌಲ ಬರೆದಿದ್ದಾನೆ: ನನಗೂ ಉಳಿದುಕೊಳ್ಳಲು ಒಂದು ಕೋಣೆ ಸಿದ್ಧ ಮಾಡಿಡು. ನಿಮ್ಮ ಪ್ರಾರ್ಥನೆಯಿಂದ ನಾನೇ ಬರುತ್ತೇನೆ ಅನ್ನುವ ನಂಬಿಕೆ ಇದೆ.

"ಬಂದು ನೋಡ್ತೀನಿ ಅಂತ ಹೇಳ್ತಿದಾನೆ, ಅಲ್ವಾ ಮೇಡಂ?" ಅಂದಳು.

ಹೌದಮ್ಮ ಅಂದೆ.